ಇನ್ಫಿನಿಟಿ ಅಂಚಿನ ಈಜುಕೊಳ ಕಟ್ಟಿಸಿದ ಅನುಭವ: ಕೊಟೇಶನ್ನಿನಿಂದ ಮೊದಲ ಮಳೆಗಾಲದವರೆಗೆ

ಸಕಲೇಶಪುರದ ಕಡೆಯ ಕಾಫಿ ತೋಟದ ಇಳಿಜಾರಿನಲ್ಲಿ ನಾವು ನಡೆಸುತ್ತಿರುವ ಹೋಂಸ್ಟೇಗೆ ಒಂದು ಈಜುಕೊಳ ಬೇಕೆಂದು ಹೊರಟ ಕೆಲಸವು ಒಂದು ಮಳೆಗಾಲ ಮುಗಿದಾಗ ಆರಂಭವಾಗಿ, ಮುಂದಿನ ಮಳೆಗಾಲ ಮುಗಿದ ಮೇಲೆಯೇ ನಿಜವಾದ ಅರ್ಥದಲ್ಲಿ ಪೂರ್ಣಗೊಂಡಿತು. ಈಗ ಸುತ್ತಮುತ್ತಲಿನ ತೋಟದವರು ಬಂದು ಕೊಳವನ್ನು ನೋಡಿ, ಎಷ್ಟು ಖರ್ಚಾಯಿತು, ಯಾರು ಕಟ್ಟಿದರು ಎಂದು ಕೇಳುತ್ತಿದ್ದಾರೆ. ಆದರೆ ಕೇಳಬೇಕಾದ ಪ್ರಶ್ನೆಯನ್ನು, ಅಂದರೆ ತುಂಬಿದ ನೀರು ಅಂಚಿನಿಂದ ಹೊರಬಿದ್ದು ಎಲ್ಲಿಗೆ ಹೋಗುತ್ತದೆ ಮತ್ತು ಹೇಗೆ ಮರಳಿ ಬರುತ್ತದೆ ಎಂಬುದನ್ನು, ಯಾರೂ ಕೇಳುವುದಿಲ್ಲ. ನಮ್ಮ ಹಣ, ಸಮಯ ಮತ್ತು ನಿದ್ದೆಯ ಬಹುಪಾಲು ಹೋದದ್ದು ಅದರಲ್ಲಿಯೇ ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೊಟೇಶನ್ ತರಿಸಿದಾಗ ಮೂರು ಬಗೆಯ ಅಂಚುಗಳ ಹೆಸರು ನಮ್ಮ ಮುಂದೆ ಬಂದವು. ಸ್ಕಿಮ್ಮರ್ ಕೊಳದಲ್ಲಿ ನೀರಿನ ಮಟ್ಟ ದಡದ ಕಲ್ಲಿಗಿಂತ 10ರಿಂದ 15 ಸೆಂಟಿಮೀಟರ್ ಕೆಳಗಿರುತ್ತದೆ. ಗೋಡೆಯಲ್ಲಿರುವ ಚೌಕಾಕಾರದ ಬಾಯಿಯೊಂದು ಮೇಲ್ಪದರದ ನೀರನ್ನೂ ಅದರಲ್ಲಿ ತೇಲುವ ಎಲೆ, ಕಸವನ್ನೂ ಎಳೆದುಕೊಳ್ಳುತ್ತದೆ, ಮತ್ತು ಪಂಪು ಅದನ್ನು ನೇರವಾಗಿ ಫಿಲ್ಟರಿಗೆ ಕಳಿಸುತ್ತದೆ. ಓವರ್‌ಫ್ಲೋ ಕೊಳದಲ್ಲಿ ನೀರು ದಡದ ಸಮಕ್ಕೆ ನಿಂತು, ಸುತ್ತಲೂ ಇರುವ ಗ್ರೇಟಿಂಗ್ (ಸಂದುಗಳಿರುವ ಜಾಲರಿ) ಮುಚ್ಚಿದ ಚಾನೆಲ್ಲಿಗೆ ಎಲ್ಲ ಕಡೆಯಿಂದಲೂ ಉಕ್ಕಿ ಬೀಳುತ್ತದೆ. ಸ್ಪರ್ಧೆಯ ಈಜುಕೊಳಗಳಲ್ಲಿ ಇದನ್ನೇ ಬಳಸುವುದಕ್ಕೆ ಕಾರಣವಿದೆ: ಈಜುಗಾರರು ಎಬ್ಬಿಸಿದ ಅಲೆ ಗೋಡೆಗೆ ಬಡಿದು ಹಿಂದಿರುಗುವ ಬದಲು ಚಾನೆಲ್ಲಿನೊಳಗೆ ಇಳಿದು ಅಡಗುತ್ತದೆ. ಮೂರನೆಯದು ಇನ್ಫಿನಿಟಿ ಅಂಚು. ಅದರಲ್ಲಿ ಒಂದು ಬದಿಯ ಗೋಡೆಯನ್ನು ಮಾತ್ರ ಉಳಿದವುಗಳಿಗಿಂತ ತಗ್ಗಿಸಿ, ನೀರು ಅದರ ಮೇಲಿಂದ ತೆಳುವಾಗಿ ಹರಿದು ಕೆಳಗಿನ ಚಾನೆಲ್ಲಿಗೆ ಬೀಳುವಂತೆ ಮಾಡುತ್ತಾರೆ. ಕೊಳದೊಳಗೆ ನಿಂತವರಿಗೆ ಗೋಡೆ ಕಾಣದೆ, ನೀರು ನೇರವಾಗಿ ಎದುರಿನ ಕಣಿವೆಗೆ ಸೇರಿದಂತೆ ತೋರುತ್ತದೆ. ಶ್ರೀಲಂಕಾದ ದಂಬುಲ್ಲದ ಬಳಿ ಜೆಫ್ರಿ ಬಾವಾ ವಿನ್ಯಾಸಗೊಳಿಸಿದ ಕಂದಲಮ ಹೋಟೆಲಿನಲ್ಲಿ ಕೊಳದ ಅಂಚು ಎದುರಿನ ಕೆರೆಯೊಡನೆ ಬೆರೆತಂತೆ ಕಾಣುವ ಚಿತ್ರವನ್ನು ನೋಡಿದಂದಿನಿಂದ ನನ್ನ ಯಜಮಾನರಿಗೆ ಅದೇ ಬೇಕಾಗಿತ್ತು.

ನಾವು ಯೋಚಿಸಿದ್ದ ಅಳತೆ ಉದ್ದ 10 ಮೀಟರ್, ಅಗಲ 5 ಮೀಟರ್, ಸರಾಸರಿ ಆಳ 1.3 ಮೀಟರ್, ಅಂದರೆ ಸುಮಾರು 65,000 ಲೀಟರ್ ನೀರು. ಇದೇ ಅಳತೆಗೆ ಸ್ಕಿಮ್ಮರ್ ಕೊಳವಾದರೆ ಹದಿನಾಲ್ಕು ಲಕ್ಷದ ಆಸುಪಾಸು, ಇನ್ಫಿನಿಟಿ ಅಂಚಾದರೆ ಹತ್ತೊಂಬತ್ತು ಲಕ್ಷದ ಆಸುಪಾಸು ಎಂದು ಕಂಟ್ರಾಕ್ಟರುಗಳು ಹೇಳಿದರು. ಕೊಟೇಶನ್ನಿನ ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ದಯವಿಟ್ಟು ಓದಿ. ನಮಗೆ ಬಂದವುಗಳಲ್ಲಿ ಮಣ್ಣು ತೆಗೆಯುವ ಜೆಸಿಬಿ ಬಾಡಿಗೆ, ಪಂಪ್ ರೂಮು, ಅಲ್ಲಿಯವರೆಗಿನ ಕೇಬಲ್, ಸುತ್ತಲಿನ ಕಲ್ಲುಹಾಸು, ಮೊದಲ ಬಾರಿ ತುಂಬಿಸುವ ನೀರು ಇವೆಲ್ಲವೂ "ಗ್ರಾಹಕರದು" ಎಂದಿತ್ತು. ಶೇಕಡಾ 18ರ ಜಿಎಸ್‌ಟಿ ಪ್ರತ್ಯೇಕ. ಒಂದು ಕೊಟೇಶನ್ನಿನಲ್ಲಂತೂ ಇನ್ಫಿನಿಟಿ ಅಂಚಿನ ಬೆಲೆಯಿತ್ತೇ ಹೊರತು, ಅದರಿಂದ ಬಿದ್ದ ನೀರನ್ನು ಹಿಡಿಯುವ ಟ್ಯಾಂಕಿನ ಪ್ರಸ್ತಾಪವೇ ಇರಲಿಲ್ಲ.

ಕಾಗದಪತ್ರಗಳ ವಿಷಯದಲ್ಲಿ ನಮಗೆ ಅನುಕೂಲವಾದದ್ದು ಹೋಂಸ್ಟೇ ಇರುವ ಜಾಗದ ಭೂಪರಿವರ್ತನೆ ಮೊದಲೇ ಆಗಿದ್ದುದು. ತೋಟದ ಜಮೀನಿನಲ್ಲಿಯೇ ಕಟ್ಟಲು ಹೊರಟವರು ಮೊದಲು ಅದನ್ನು ಮಾಡಿಸಿಕೊಳ್ಳಬೇಕಾಗುತ್ತದೆ, ಮತ್ತು ಅದಕ್ಕೆ ಹಿಡಿಯುವ ಕಾಲವನ್ನು ಕೊಳದ ಕಾಲಕ್ಕೆ ಸೇರಿಸಿಯೇ ಲೆಕ್ಕ ಹಾಕಬೇಕು. ಪಂಚಾಯಿತಿಗೆ ಇ-ಸ್ವತ್ತಿನ ನಮೂನೆ, ತೆರಿಗೆ ರಸೀದಿ, ಎಂಜಿನಿಯರ್ ಸಹಿ ಹಾಕಿದ ನಕ್ಷೆ ಕೊಟ್ಟೆವು. ಅಲ್ಲಿ ಬಂದ ಒಂದು ಪ್ರಶ್ನೆ ನಮ್ಮ ನಕ್ಷೆಯನ್ನೇ ಬದಲಾಯಿಸಿತು: ಫಿಲ್ಟರ್ ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಕೆಳಗೆ ಹಳ್ಳವಿದೆ, ಅದರ ಕೆಳಗೆ ಗದ್ದೆಗಳಿವೆ. ಕ್ಲೋರಿನ್ ಇರುವ ನೀರನ್ನು ಹಳ್ಳಕ್ಕೆ ಬಿಡುವಂತಿಲ್ಲ ಎಂಬುದು ನ್ಯಾಯವಾದ ಮಾತೇ. ಆದ್ದರಿಂದ ಆ ನೀರು ನಿಂತು ಇಂಗುವುದಕ್ಕೆ ಪ್ರತ್ಯೇಕ ಗುಂಡಿಯೊಂದನ್ನು ನಕ್ಷೆಗೆ ಸೇರಿಸಿ ಮತ್ತೊಮ್ಮೆ ಸಲ್ಲಿಸಿದೆವು. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರ ಹಾಕುವವರು ಆ ನೀರು ಕಾಫಿ ಗಿಡಗಳ ಬುಡಕ್ಕೆ ಹೋಗದಂತೆ ಇನ್ನಷ್ಟು ಎಚ್ಚರ ವಹಿಸಬೇಕು.

ಮಣ್ಣು ತೆಗೆಯಲು ಆರಂಭಿಸಿದಾಗ ಮೊದಲ ಅನಿರೀಕ್ಷಿತ ತೊಡಕು ಎದುರಾಯಿತು. ಇಳಿಜಾರಿನ ಜಾಗವಾದ್ದರಿಂದ ಕೊಳದ ಮೇಲಿನ ಅರ್ಧ ಕಡಿದ ಗಟ್ಟಿ ನೆಲದ ಮೇಲೆ ಕೂರುತ್ತಿತ್ತು, ಕಣಿವೆಯ ಕಡೆಯ ಅರ್ಧ ಹಿಂದೆ ಯಾವಾಗಲೋ ತುಂಬಿಸಿದ ಸಡಿಲ ಮಣ್ಣಿನ ಮೇಲೆ ಬರುತ್ತಿತ್ತು. ಸಾಮಾನ್ಯ ಕೊಳವು ಒಂದು ಬದಿಗೆ ಅರ್ಧ ಸೆಂಟಿಮೀಟರ್ ಕುಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ಫಿನಿಟಿ ಅಂಚಿನ ಕೊಳ ಅಷ್ಟು ಕುಸಿದರೆ ಅಂಚಿನ ಒಂದು ತುದಿಯಲ್ಲಿ ನೀರು ಧುಮುಕುತ್ತದೆ, ಇನ್ನೊಂದು ತುದಿ ಒಣಗಿ ನಿಲ್ಲುತ್ತದೆ. ಸಿಂಗಪುರದ ಮರೀನಾ ಬೇ ಸ್ಯಾಂಡ್ಸ್ ಕಟ್ಟಡದ ತುದಿಯಲ್ಲಿ 2010ರಲ್ಲಿ ತೆರೆದ ಕೊಳಕ್ಕೆ, ಕೆಳಗಿನ ಗೋಪುರಗಳು ಕಾಲಕ್ರಮೇಣ ಸ್ವಲ್ಪ ಕುಸಿದರೂ ಅಂಚಿನ ಮಟ್ಟ ಕೆಡದಿರಲೆಂದು ಕೆಳಗೆ ಜಾಕುಗಳನ್ನೇ ಇಟ್ಟಿದ್ದಾರೆ. ನಮಗೆ ಜಾಕಿನ ಭಾಗ್ಯವಿಲ್ಲದ್ದರಿಂದ ಕಣಿವೆಯ ಬದಿಯ ಅಡಿಪಾಯವನ್ನು ಗಟ್ಟಿ ನೆಲ ಸಿಗುವವರೆಗೆ ಇಳಿಸಬೇಕಾಯಿತು. ಇದರಿಂದ ಎರಡು ಲಕ್ಷಕ್ಕೂ ಮಿಕ್ಕಿ ಹೆಚ್ಚುವರಿ ಖರ್ಚು ಬಂತು. ಸ್ಥಳ ನೋಡದೆ ಕೊಟ್ಟ ಕೊಟೇಶನ್ನಿಗೆ ಇಳಿಜಾರಿನಲ್ಲಿ ಬೆಲೆಯಿಲ್ಲ.

ಅದೇ ಸಮಯದಲ್ಲಿ ಮೇಲಿನ ಬದಿಯಲ್ಲಿ ಜಲ್ಲಿ ತುಂಬಿ, ತೂತಿನ ಪೈಪು ಹಾಕಿ, ಗುಡ್ಡದಿಂದ ಇಳಿಯುವ ಒಸರು ನೀರನ್ನು ಪಕ್ಕಕ್ಕೆ ತಿರುಗಿಸಿದೆವು. ಮಲೆನಾಡಿನಲ್ಲಿ ಇದನ್ನು ಬಿಡುವ ಹಾಗಿಲ್ಲ. ಮಳೆಗಾಲದಲ್ಲಿ ನೆಲದೊಳಗಿನ ನೀರು ಏರಿದಾಗ ಖಾಲಿ ಕೊಳವನ್ನು ಅದು ಕೆಳಗಿನಿಂದ ಎತ್ತಿ ಬಿರುಕು ಬಿಡಿಸಬಲ್ಲದು. ಆದಕಾರಣ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಕಾರಣಕ್ಕೂ ಕೊಳವನ್ನು ಪೂರ್ತಿ ಖಾಲಿ ಮಾಡಬೇಡಿ.

ಕಾಂಕ್ರೀಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರು ಹಿಡಿದಿಡುವ ಕಟ್ಟಡಗಳಿಗೆ ಐಎಸ್ 3370 ಎಂಬ ಭಾರತೀಯ ಮಾನದಂಡವಿದೆ. ಅದರಂತೆ ಎಂ30ಕ್ಕಿಂತ ಕಡಿಮೆ ದರ್ಜೆಯ ಕಾಂಕ್ರೀಟ್ ಬಳಸಬಾರದು ಎಂಬುದನ್ನು ಒಪ್ಪಂದದಲ್ಲಿ ಬರೆಸಿ. ಗೋಡೆಯನ್ನು ತೂರಿ ಬರುವ ಪೈಪುಗಳನ್ನೆಲ್ಲ ಕಾಂಕ್ರೀಟ್ ಹಾಕುವ ಮೊದಲೇ ಕೂರಿಸಿ, ಆಮೇಲೆ ಕೊರೆಯುವುದಕ್ಕೆ ಬಿಡಬೇಡಿ.

ಇನ್ನು ಈ ಕಥೆಯ ಮುಖ್ಯ ಪಾತ್ರವಾದ ಬ್ಯಾಲೆನ್ಸಿಂಗ್ ಟ್ಯಾಂಕಿಗೆ, ಅಂದರೆ ಅಂಚಿನಿಂದ ಬಿದ್ದ ನೀರನ್ನು ಹಿಡಿದಿಟ್ಟು ಮರಳಿ ಕೊಳಕ್ಕೆ ಕೊಡುವ ಟ್ಯಾಂಕಿಗೆ, ಬರುತ್ತೇನೆ. ಸ್ಕಿಮ್ಮರ್ ಕೊಳಕ್ಕೆ ಇದು ಬೇಕಿಲ್ಲ. ಆದರೆ ಅಂಚಿನವರೆಗೆ ತುಂಬಿದ ಕೊಳಕ್ಕೆ ಹತ್ತು ಜನ ಇಳಿದರೆ ಅವರ ದೇಹ ಸರಿಸಿದ ನೀರು ಎಲ್ಲಿಗಾದರೂ ಹೋಗಲೇಬೇಕು, ಮತ್ತು ಅವರು ಮೇಲೆ ಬಂದಾಗ ಅಷ್ಟೇ ನೀರು ಮರಳಿ ಬರಬೇಕು. ಕಂಟ್ರಾಕ್ಟರರ ನಕ್ಷೆಯಲ್ಲಿ ಇದಕ್ಕೆ 1,500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕೊಂದನ್ನು ತೋರಿಸಲಾಗಿತ್ತು. ನಮ್ಮ ಎಂಜಿನಿಯರ್ ಕುಳಿತು ಲೆಕ್ಕ ಹಾಕಿದರು. ಒಬ್ಬರಿಗೆ 75 ಲೀಟರಿನಂತೆ ಹತ್ತು ಜನಕ್ಕೆ 750 ಲೀಟರ್. ಅಂಚಿನ ಮೇಲೆ 6 ಮಿಲಿಮೀಟರ್ ದಪ್ಪದಲ್ಲಿ ನೀರು ಹರಿಯುತ್ತಿದ್ದರೆ, ಪಂಪು ನಿಂತೊಡನೆ 50 ಚದರ ಮೀಟರ್ ಕೊಳದ ಆ ಮೇಲ್ಪದರವಷ್ಟೂ ಇಳಿದುಬರುತ್ತದೆ, ಅದು 300 ಲೀಟರ್. ಚಾನೆಲ್ ಮತ್ತು ಪೈಪುಗಳಲ್ಲಿ ಹರಿಯುತ್ತಿರುವುದು ಇನ್ನೊಂದಿಷ್ಟು. 600 ಮಿಲಿಮೀಟರ್ ವ್ಯಾಸದ ಮರಳಿನ ಫಿಲ್ಟರನ್ನು ಮೂರು ನಾಲ್ಕು ನಿಮಿಷ ಬ್ಯಾಕ್‌ವಾಶ್ ಮಾಡಲು, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯಲು, 800 ಲೀಟರಿನಷ್ಟು ಬೇಕು. ಪಂಪು ಗಾಳಿ ಎಳೆಯದಂತೆ ತಳದಲ್ಲಿ ಸದಾ ಉಳಿದಿರಬೇಕಾದ ನೀರು ಬೇರೆ. ಎಲ್ಲ ಸೇರಿ 3,000 ಲೀಟರಿಗೆ ಹತ್ತಿರವಾಯಿತು. ಕೊಳದ ನೀರಿನ ಶೇಕಡಾ 5ರಿಂದ 10ರಷ್ಟು ಇರಲಿ ಎಂಬುದು ಈ ಕಸುಬಿನವರ ರೂಢಿಯ ಲೆಕ್ಕ, ಹಾಗೆ ನೋಡಿದರೂ ನಮಗೆ 3,250ರಿಂದ 6,500 ಲೀಟರ್ ಬೇಕು. ಕೊನೆಗೆ 5,000 ಲೀಟರಿನ ಕಾಂಕ್ರೀಟ್ ಟ್ಯಾಂಕನ್ನೇ ನೆಲದಡಿಯಲ್ಲಿ ಕಟ್ಟಿಸಿದೆವು. ಇದಕ್ಕಾಗಿ ಕಂಟ್ರಾಕ್ಟರರೊಡನೆ ನಡೆದ ವಾದ ಅಷ್ಟು ಹಿತವಾಗಿರಲಿಲ್ಲ. ಕಾಣದ ಟ್ಯಾಂಕಿಗೆ ಇಷ್ಟು ಹಣ ಸುರಿಯಬೇಕೇ ಎಂದು ಮನೆಯಲ್ಲಿಯೂ ಮಾತು ಬಂತು. ಚಿಕ್ಕ ಟ್ಯಾಂಕಿದ್ದರೆ ಅತಿಥಿಗಳು ಇಳಿದಾಗ ಶುದ್ಧಗೊಂಡ ನೀರು ಚರಂಡಿಗೆ ಹರಿಯುತ್ತದೆ, ಅವರು ಮೇಲೆ ಬಂದಾಗ ಪಂಪು ಒಣಗಿ ಓಡುತ್ತದೆ. ಬೇಸಿಗೆಯಲ್ಲಿ ಬೋರ್‌ವೆಲ್ ನೋಡಿಕೊಂಡು ಬದುಕುವವರಿಗೆ ಇದು ಸಣ್ಣ ಮಾತಲ್ಲ. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿದ್ದು ನೆನಪಿರಬಹುದು.

ಅಂಚಿನ ಮೇಲೆ ಎಷ್ಟು ದಪ್ಪದ ನೀರು ಹರಿಯಬೇಕು ಎಂಬುದು ಪಂಪಿನ ಗಾತ್ರವನ್ನು ನಿರ್ಧರಿಸುತ್ತದೆ, ಇಲ್ಲಿಯೇ ಹೆಚ್ಚಿನವರು ಗೊಂದಲಕ್ಕೆ ಬೀಳುತ್ತಾರೆ. 10 ಮೀಟರ್ ಉದ್ದದ ಅಂಚಿನ ಮೇಲೆ 3 ಮಿಲಿಮೀಟರ್ ನೀರು ಹರಿಯಲು ಗಂಟೆಗೆ ಸುಮಾರು 11,000 ಲೀಟರ್ ಸಾಕು. ಅದೇ 6 ಮಿಲಿಮೀಟರ್ ಆಗಬೇಕಾದರೆ ಎರಡರಷ್ಟಲ್ಲ, ಸುಮಾರು 31,000 ಲೀಟರ್ ಬೇಕು. ಕೊಳದ ನೀರೆಲ್ಲ ಆರು ಗಂಟೆಗೊಮ್ಮೆ ಫಿಲ್ಟರ್ ಮೂಲಕ ಸುತ್ತಿಬರಲು ಬೇಕಾದದ್ದು ಗಂಟೆಗೆ 11,000 ಲೀಟರಿನ ಪಂಪು. ಅಂದರೆ ಫಿಲ್ಟರಿನ ಪಂಪೊಂದರಿಂದಲೇ ಅಂಚನ್ನೂ ನಡೆಸುವುದಾದರೆ 3 ಮಿಲಿಮೀಟರಿನ ತೆಳು ಪದರ ಮಾತ್ರ ಸಿಗುತ್ತದೆ, ಆಗ ಗೋಡೆಯ ಮಟ್ಟದಲ್ಲಿ 3 ಮಿಲಿಮೀಟರ್ ಏರುಪೇರಿದ್ದರೂ ಅಲ್ಲಲ್ಲಿ ಒಣ ಕಲೆ ಕಾಣುತ್ತದೆ. ನಾವು ಅಂಚಿಗೆಂದೇ ಎರಡನೆಯ ಪಂಪು ಹಾಕಿಸಿ, ಅತಿಥಿಗಳು ಇರುವ ಹೊತ್ತಿನಲ್ಲಿ ಮಾತ್ರ ಅದನ್ನು ನಡೆಸುತ್ತೇವೆ. ತೆಳುವಾಗಿ ಹರಿದು ಬೀಳುವ ನೀರು ಹೆಚ್ಚು ಆವಿಯಾಗುತ್ತದೆ, ವಿದ್ಯುತ್ ಬಿಲ್ಲೂ ಏರುತ್ತದೆ, ರಾತ್ರಿಯಿಡೀ ಓಡಿಸುವುದರಲ್ಲಿ ಅರ್ಥವಿಲ್ಲ.

ಅಂಚಿನ ಮಟ್ಟವನ್ನು ಕೂರಿಸಿದ ದಿನಗಳು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದವು. ಕಂಟ್ರಾಕ್ಟರರ ಕಡೆಯ ಹುಡುಗರು ಲೇಸರ್ ಇಟ್ಟು ಕೆಂಪು ಗೆರೆ ತೋರಿಸಿದರು. ಆ ಗೆರೆಯೇ ದೂರ ಹೋದಂತೆ ಒಂದೆರಡು ಮಿಲಿಮೀಟರ್ ದಪ್ಪವಾಗುತ್ತಿತ್ತು. ನಮ್ಮ ಹಳೆಯ ಮೇಸ್ತ್ರಿ ಅದನ್ನು ನೋಡಿ, "ಅಮ್ಮಾವ್ರೆ, ಇದು ಕೆರೆ ಕೋಡಿ ಕಟ್ದಂಗೆ. ಒಂದು ಕಲ್ಲು ತಗ್ಗಿದ್ರೆ ನೀರೆಲ್ಲ ಅಲ್ಲೇ ಹೋಗ್ತದೆ. ನೀರು ತುಂಬ್ಸಿ, ನೀರಿನ ಮಟ್ಟಕ್ಕೇ ಕೂರಿಸ್ತೀನಿ," ಎಂದರು. ಹಾಗೆಯೇ ಆಯಿತು. ಅಂಚಿನ ಮೇಲಿನ ಒಂದು ಸಾಲು ಟೈಲ್ಸ್ ಬಿಟ್ಟು ಉಳಿದೆಲ್ಲ ಮುಗಿಸಿ, ನೀರನ್ನು ಗೋಡೆಯ ತುದಿಗೆ ಸ್ವಲ್ಪ ಕೆಳಗಿನವರೆಗೆ ತುಂಬಿಸಿ, ಗಾಳಿಯಿಲ್ಲದ ಬೆಳಗಿನ ಜಾವದಲ್ಲಿ ಆ ನಿಂತ ನೀರಿನಿಂದಲೇ ಅಳೆದು ಒಂದೊಂದು ತುಂಡನ್ನು ಕೂರಿಸಿದರು. ಪ್ರತಿ ತುಂಡಿನ ಎರಡೂ ತುದಿಯಲ್ಲಿ ಸ್ಟೀಲ್ ಸ್ಕೇಲನ್ನು ನೀರಿಗೆ ಇಳಿಸಿ, ಒದ್ದೆಯಾದ ಗುರುತನ್ನು ಕನ್ನಡಕ ಹಾಕಿಕೊಂಡು ಓದಿ, ಒಂದು ಮಿಲಿಮೀಟರ್ ಹೆಚ್ಚಿದ್ದರೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಇಳಿಸುತ್ತಿದ್ದರು. ಅಂಚಿನ ಮೇಲ್ಭಾಗವನ್ನು ಹೊರಗಡೆಗೆ ತುಸು ಓರೆಯಾಗಿಸಿದ್ದರಿಂದ ನೀರು ಅಲ್ಲಿ ನಿಲ್ಲದೆ ಗೋಡೆಗೆ ಅಂಟಿಕೊಂಡು ಇಳಿಯುತ್ತದೆ. ಒಳಗೆ ನಾವು ಕಡುಹಸಿರು ಟೈಲ್ಸ್ ಹಾಕಿಸಿದ್ದೇವೆ. ತಿಳಿ ಬಣ್ಣಕ್ಕಿಂತ ಗಾಢ ಬಣ್ಣದ ತಳವಿದ್ದಾಗ ನೀರಿನ ಮೇಲೆ ಆಕಾಶದ ಪ್ರತಿಬಿಂಬ ಚೆನ್ನಾಗಿ ಮೂಡುತ್ತದೆ.

ಇದಕ್ಕೂ ಮೊದಲು, ಟೈಲ್ಸ್ ಹಾಕುವ ಮುನ್ನ, ವಾರವಿಡೀ ನೀರು ನಿಲ್ಲಿಸಿ ಸೋರಿಕೆ ಪರೀಕ್ಷಿಸಿದ್ದೆವು. ಮೆಟ್ಟಿಲಿನ ಮೇಲೆ ಒಂದು ಬಕೆಟ್ ನೀರಿಟ್ಟು, ಬಕೆಟ್ಟಿನಲ್ಲಿ ಇಳಿದದ್ದಕ್ಕಿಂತ ಕೊಳದಲ್ಲಿ ಹೆಚ್ಚು ಇಳಿದರೆ ಅದು ಆವಿಯಲ್ಲ, ಸೋರಿಕೆ ಎಂದು ತಿಳಿಯಬೇಕು. ನಮ್ಮದು ಇಳಿಯಿತು. ಆತಂಕದಲ್ಲಿ ಗೋಡೆಯನ್ನೆಲ್ಲ ಮತ್ತೆ ಕೋಟಿಂಗ್ ಮಾಡಿಸುವ ಮಾತಾಗುತ್ತಿದ್ದಾಗ, ಇಳಿಯುವ ನೀರು ಎಲ್ಲಿ ನಿಲ್ಲುತ್ತದೋ ನೋಡೋಣ ಎಂದು ಎಂಜಿನಿಯರ್ ತಡೆದರು. ನೀರು ದೀಪ ಕೂರಿಸುವ ಗೂಡಿನ ಮಟ್ಟಕ್ಕೆ ಬಂದು ನಿಂತಿತು. ದೀಪದ ವೈರು ಹೋಗುವ ಪೈಪಿನ ಸುತ್ತ ಸೋರುತ್ತಿತ್ತು, ಅದೊಂದನ್ನು ಸರಿಪಡಿಸಿದರೆ ಸಾಕಾಯಿತು. ದೀಪಗಳು 12 ವೋಲ್ಟಿನವೇ ಇರಲಿ, ಪಂಪ್ ರೂಮಿನ ಸಂಪರ್ಕಕ್ಕೆ 30 ಮಿಲಿಆಂಪಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಕಡ್ಡಾಯವಾಗಿ ಇರಲಿ.

ಕೊಳವನ್ನು ಬೋರ್‌ವೆಲ್ ನೀರಿನಿಂದ ತುಂಬಿಸಿದಾಗ ಅದು ತಿಳಿಯಾಗಿಯೇ ಇತ್ತು. ಕ್ಲೋರಿನ್ ಹಾಕಿದ ಕೆಲವೇ ಗಂಟೆಗಳಲ್ಲಿ ಇಡೀ ಕೊಳ ಕೆಂಚಾಗಿ ನಿಂತಾಗ ನನಗೆ ಅಳುವೇ ಬಂತು. ನೀರಿನಲ್ಲಿ ಕರಗಿದ್ದ ಕಬ್ಬಿಣದಂಶವು ಕ್ಲೋರಿನ್ ತಾಗಿದೊಡನೆ ತುಕ್ಕಾಗಿ ಹೊರಬಂದಿತ್ತು. ಪಟಿಕ ಹಾಕಿ, ಪಂಪು ನಿಲ್ಲಿಸಿ, ಕೆಸರು ತಳಕ್ಕೆ ಕೂರಲು ಬಿಟ್ಟು, ಅದನ್ನು ಫಿಲ್ಟರಿಗೆ ಕಳಿಸದೆ ನೇರವಾಗಿ ಹೊರಕ್ಕೆ ಎಳೆಸಿದ ಮೇಲೆ ನೀರು ತಿಳಿಯಾಯಿತು. ಬೋರ್‌ವೆಲ್ ನೀರನ್ನು ಮೊದಲೇ ಪರೀಕ್ಷೆಗೆ ಕಳುಹಿಸಿ. ಕೆಲವು ನೂರು ರೂಪಾಯಿಯ ಆ ವರದಿ ಕೈಯಲ್ಲಿದ್ದರೆ ಕಬ್ಬಿಣ ತೆಗೆಯುವ ಫಿಲ್ಟರನ್ನು ಆರಂಭದಲ್ಲಿಯೇ ಹಾಕಿಸಬಹುದು.

ಅಂಚಿನ ಮೇಲೆ ಮೊದಲ ಬಾರಿ ನೀರು ಹರಿದ ಸಂಜೆಯ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಕೆಳಗಿನ ಚಾನೆಲ್ಲಿನಿಂದ ಟ್ಯಾಂಕಿಗೆ ಇಳಿಯುವ ಪೈಪು ನೀರಿನೊಡನೆ ಗಾಳಿಯನ್ನೂ ನುಂಗುತ್ತ ಗುಳುಗುಳು ಎಂದು ಎಷ್ಟು ಜೋರಾಗಿ ಸದ್ದು ಮಾಡಿತೆಂದರೆ, ಪಕ್ಕದ ಕೋಣೆಯಲ್ಲಿ ಮಲಗುವವರಿಗೆ ನಿದ್ದೆ ಬರುವಂತಿರಲಿಲ್ಲ. ಪೈಪಿನ ವ್ಯಾಸ ಸಾಲದು, ಗಾಳಿ ಹೊರಹೋಗಲು ದಾರಿಯಿಲ್ಲ ಎಂಬುದು ಕಾರಣ. ಇನ್ನೊಂದು ಇಳಿಪೈಪು ಸೇರಿಸಿ, ಟ್ಯಾಂಕಿಗೆ ಗಾಳಿಪೈಪು ಕೊಟ್ಟ ಮೇಲೆ ಸದ್ದು ಅಡಗಿತು.

ಅದರ ಬೆನ್ನಿಗೇ ಒಂದು ರಾತ್ರಿ ಕರೆಂಟು ಹೋಯಿತು. ಬೆಳಗ್ಗೆ ನೋಡಿದರೆ ಕೊಳದ ನೀರು ಒಂದು ಗೇಣು ಇಳಿದಿತ್ತು, ಅಂದರೆ ಹತ್ತು ಸಾವಿರ ಲೀಟರಿಗೂ ಹೆಚ್ಚು. ಪಂಪು ನಿಂತಾಗ ಕೊಳದ ತಳದ ಪೈಪುಗಳ ಮೂಲಕ ನೀರು ಹಿಂದಕ್ಕೆ ಹರಿದು, ತಗ್ಗಿನಲ್ಲಿರುವ ಟ್ಯಾಂಕನ್ನು ತುಂಬಿಸಿ, ಅಲ್ಲಿಂದ ಉಕ್ಕಿ ಚರಂಡಿ ಸೇರಿತ್ತು. ಇದನ್ನು ತಡೆಯಬೇಕಾದ ನಾನ್ ರಿಟರ್ನ್ ವಾಲ್ವ್ ಬಿಲ್ಲಿನಲ್ಲಿತ್ತು, ಪೈಪಿನಲ್ಲಿರಲಿಲ್ಲ. ಕಂಟ್ರಾಕ್ಟರ್ ಅದನ್ನು ಮರುದಿನವೇ ಹಾಕಿಸಿದರು, ಆದರೆ ಹೋದ ನೀರಿಗೆ ಲೆಕ್ಕ ಕೊಡಲಿಲ್ಲ. ಕೆಲಸ ಒಪ್ಪಿಸಿಕೊಳ್ಳುವ ದಿನ ಬಿಲ್ ಹಿಡಿದು ಪಂಪ್ ರೂಮಿನ ಒಂದೊಂದು ವಾಲ್ವನ್ನೂ ಬೆರಳಿಟ್ಟು ಎಣಿಸಿ, ಮತ್ತು ಮೇನ್ ಸ್ವಿಚ್ ಆಫ್ ಮಾಡಿ ಒಂದು ರಾತ್ರಿ ಬಿಟ್ಟು ನೋಡಿ. ಟ್ಯಾಂಕಿನಲ್ಲಿ ನೀರು ತಳ ಮುಟ್ಟಿದರೆ ಪಂಪನ್ನು ತಾನಾಗಿ ನಿಲ್ಲಿಸುವ ಫ್ಲೋಟ್ ಸ್ವಿಚ್ ಕೂಡ ಇರಬೇಕು.

ಮಳೆಗಾಲದ ಪಾಠಗಳು ಬೇರೆಯೇ. ನಮ್ಮ ಅಂಚು ಪಶ್ಚಿಮಕ್ಕೆ ಮುಖ ಮಾಡಿದೆ, ಮುಂಗಾರಿನ ಗಾಳಿ ಬರುವುದೂ ಅದೇ ಕಡೆಯಿಂದ. ಜೂನ್‌ನಲ್ಲಿ ಗಾಳಿ ಬೀಸಿದಾಗ ನೀರು ಅಂಚಿನಿಂದ ಹಿಂದಕ್ಕೆ ತಳ್ಳಲ್ಪಟ್ಟು ಪದರ ಒಡೆದು, ಅರ್ಧ ಅಂಚು ಒಣಗುತ್ತಿತ್ತು. ಇದಕ್ಕೆ ಪಂಪು ಹೆಚ್ಚಿಸುವುದು ಪರಿಹಾರವಲ್ಲ, ಗಾಳಿ ನಿಲ್ಲುವವರೆಗೆ ಅಂಚಿನ ಪಂಪನ್ನು ನಿಲ್ಲಿಸುವುದೇ ಒಳ್ಳೆಯದು. ಒಂದು ದಿನ 100 ಮಿಲಿಮೀಟರ್ ಮಳೆ ಬಂದರೆ ಕೊಳದ ಮೇಲೆಯೇ 5,000 ಲೀಟರ್ ಬೀಳುತ್ತದೆ, ಅದು ನಮ್ಮ ಇಡೀ ಟ್ಯಾಂಕಿನಷ್ಟು. ಆದ್ದರಿಂದ ಟ್ಯಾಂಕಿನಿಂದ ಹೊರಹೋಗುವ ಪೈಪು ದೊಡ್ಡದಿರಬೇಕು, ಕ್ಲೋರಿನ್ ಮತ್ತು ಪಿಎಚ್ ಅನ್ನು, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆಯನ್ನು, ದಿನವೂ ನೋಡಬೇಕು. ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಕಲ್ಲುಹಾಸಿನ ಇಳಿಜಾರು ಚಾನೆಲ್ಲಿನ ಕಡೆಗಲ್ಲದೆ ಅದರಿಂದ ದೂರಕ್ಕೆ ಇರಬೇಕು, ಇಲ್ಲದಿದ್ದರೆ ಅಂಗಳದ ಕೆಸರೆಲ್ಲ ಟ್ಯಾಂಕಿಗೆ ಬರುತ್ತದೆ. ಸಿಲ್ವರ್ ಓಕ್ ಎಲೆಗಳು ಗ್ರೇಟಿಂಗಿಗೆ ಅಡ್ಡ ಬಿದ್ದು ನೀರನ್ನೇ ಕಟ್ಟಿಹಾಕುವುದರಿಂದ, ಬೆಳಗ್ಗೆ ಅಂಗಳ ಗುಡಿಸುವವರೇ ಈಗ ಗ್ರೇಟಿಂಗನ್ನೂ ಎತ್ತಿ ಕೈಹಾಕಿ ಎಲೆ ತೆಗೆಯುತ್ತಾರೆ. ಮಕ್ಕಳ ಬೆರಳು ಸಿಕ್ಕದಂತೆ ಗ್ರೇಟಿಂಗಿನ ಸಂದು 8 ಮಿಲಿಮೀಟರಿಗಿಂತ ಹೆಚ್ಚಿರದಂತೆ ನೋಡಿಕೊಂಡಿದ್ದೇವೆ. ಅಂಚಿನ ಗೋಡೆಯ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವುದನ್ನು ಮಾತ್ರ ತಡೆಯುವುದು ಕಷ್ಟ. ಆ ಬದಿಯಲ್ಲಿ ಕೆಳಗೆ ಅಗಲವಾದ ಕಟ್ಟೆಯನ್ನೂ ಅದಕ್ಕೆ ಕಂಬಿಯನ್ನೂ ಕಟ್ಟಿಸಿಯೇ ಕೊಳ ತೆರೆದೆವು.

ಎಲ್ಲ ಸೇರಿ ಖರ್ಚು ಇಪ್ಪತ್ತಾರು ಲಕ್ಷ ದಾಟಿತು. ಒಪ್ಪಂದದಲ್ಲಿ ಕೊನೆಯ ಕಂತನ್ನು ನೀರು ತುಂಬಿಸಿದ ದಿನ ಕೊಡಬೇಕೆಂದು ಮೊದಲು ಬರೆದಿದ್ದರು. ಅದನ್ನು ಹೊಡೆದುಹಾಕಿಸಿ, ಶೇಕಡಾ ಹತ್ತರಷ್ಟು ಹಣವನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಬರೆಸಿದ್ದೆವು. ಇಳಿಪೈಪು, ವಾಲ್ವ್, ದೀಪದ ಗೂಡು ಈ ಮೂರನ್ನೂ ಕಂಟ್ರಾಕ್ಟರ್ ನಾವು ಕರೆದಾಗ ಬಂದು ಸರಿಪಡಿಸಿದ್ದು ಆ ಹಣ ನಮ್ಮ ಬಳಿ ಇದ್ದುದರಿಂದಲೇ ಎಂದು ನನ್ನ ಅನಿಸಿಕೆ. ಅಂಚಿನ ಹೊರಗೋಡೆಯ ಮೇಲೆ ಈಗ ಬಿಳಿಯ ಸುಣ್ಣದ ಕಲೆ ಕಟ್ಟಲು ಆರಂಭವಾಗಿದೆ. ಗಡಸು ನೀರಿಗೆ ಇದು ತಪ್ಪಿದ್ದಲ್ಲ, ಮೃದುವಾದ ಆಮ್ಲದ ದ್ರಾವಣದಿಂದ ಉಜ್ಜಿಸಬೇಕು. ಕಂಟ್ರಾಕ್ಟರ್ ಬಂದು ಅದೊಂದನ್ನು ಮುಗಿಸಿದ ದಿನ ಉಳಿದ ಹಣ ಕೊಡುವುದೆಂದು ಮಾತಾಗಿದೆ.